ಸ್ಟ್ಯಾನಿಸ್ಲಾಸ್ ಮಾಸ್ಟ್ರ ಹೂವಿನ ಲೆಕ್ಕ

ಸ್ಟ್ಯಾನಿಸ್ಲಾಸ್ ಮಾಸ್ಟ್ರ ಹಣೆಬರಹವೇ ಸರಿಯಿಲ್ಲ. ಕೆಮ್ಮಣ್ಣು ಊರಿನ ಶಾಲೆಯಲ್ಲಿ ಮೂವತ್ತೆರಡು ವರ್ಷ ಗಣಿತ ಕಲಿಸಿದ ಮಹಾನುಭಾವರು. ಮಗಳು ಡೈನಾಳ ರೋಸ್ ಶಾಸ್ತ್ರಕ್ಕೆ (ಮದುವೆಯ ಮುನ್ನಾದಿನ ತೆಂಗಿನ ಹಾಲು ಹಚ್ಚುವುದಕ್ಕೆ) ಗೇಟಿನ ಬಿದಿರು ಕಮಾನಿಗೆ ಎಷ್ಟುದ್ದದ ಮಲ್ಲಿಗೆ ಹಾರ ಬೇಕೆಂದು ಅವರನ್ನು ಯಾರೂ ಕೇಳಲಿಲ್ಲ. ಹೆಂಡತಿ ಮ್ಯಾಗ್ಡಲಿನ್ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ, ಕಮಾನಿಗೆ ಹಿಡಿದು, ಹೂ ಕಟ್ಟುವ ವಾರಿಜಕ್ಕನಿಗೆ "ನಾಲ್ಕು ಮಾರು" ಎಂದು ಫೋನಿನಲ್ಲಿ ಹೇಳಿ ಮುಗಿಸಿದ್ದಳು. (ಮಾರೆಂದರೆ ಎರಡೂ ಕೈ ಚಾಚಿದಷ್ಟು. ಅದೂ ಒಂದು ಅಳತೆಯೇ?)

ಮಗಳನ್ನು ಕಳಿಸಿಕೊಡುವ ಮೊದಲು ಅವಳಿಗಾಗಿ ಒಂದಾದರೂ ಲೆಕ್ಕ ಮಾಡಿಕೊಡಬೇಕೆಂದು ಮಾಸ್ಟ್ರಿಗೆ ಆಸೆ. ಊಟದ ಮೇಜಿನ ಮೇಲೆ ಗ್ರಾಫ್ ಹಾಳೆ, ಹಳೇ ಲಾಗ್ ಟೇಬಲ್ ಪುಸ್ತಕ ಹರಡಿದರು. ನಿಟ್ಟೆ ಕಾಲೇಜಿನಲ್ಲಿ ಇಂಜಿನಿಯರಿಂಗ್ ಪಾಠ ಹೇಳುವ ಡೈನಾ ತನ್ನ ಗ್ರಾಫ್ ಕ್ಯಾಲ್ಕುಲೇಟರ್ ತೆಗೆದಳು.

"ಪಪ್ಪಾ, ಇದಕ್ಕೆ ಎರಡು ನಿಮಿಷ ಸಾಕು. ಗೇಟು ಎಷ್ಟು ಅಗಲ ಉಂಟು?"

"ಮೂರು ಮೀಟರ್. ಕಟ್ಟಿಸಿದವನೇ ನಾನಲ್ವಾ."

ಯಂತ್ರ ಎರಡು ನಿಮಿಷದಲ್ಲಿ ವಕ್ರರೇಖೆ ಬಿಡಿಸಿ ಐದು ಮೀಟರ್ ಇಪ್ಪತ್ತಮೂರು ಸೆಂಟಿಮೀಟರ್ ಎಂದಿತು. ಮಾಸ್ಟ್ರು ಎರಡು ಗಂಟೆ ಬೆವರಿಳಿಸಿ, ಚಾ ಆರಿಸಿ, ಅದೇ ಉತ್ತರಕ್ಕೆ ಬಂದು ಮುಟ್ಟಿದರು. ಹೆಂಡತಿಯ ಕಣ್ಣು ತಪ್ಪಿಸಿ ಫೋನು ಮಾಡಿದರು.

"ವಾರಿಜಕ್ಕ, ಐದೂಕಾಲು ಮೀಟರ್ ಸಾಕು. ಮ್ಯಾಗ್ಡಲಿನ್ ಹೇಳಿದ್ದು ತಪ್ಪು."

"ಮಾಸ್ಟ್ರು ಹೇಳಿದ ಮೇಲೆ ಮುಗೀತಲ್ಲ" ಎಂದಳು ವಾರಿಜಕ್ಕ.

ಮರುದಿನ ಸಂಜೆ ಹಾರ ಕಟ್ಟುತ್ತ ಹೋದರೆ, ಕಮಾನು ಮುಗಿಯುವ ಮೊದಲೇ ಹೂ ಮುಗಿಯಿತು.

"ಗೇಟು ಮೂರೇ ಮೀಟರಲ್ವಾ?" ಎಂದರು ಮಾಸ್ಟ್ರು.

"ಅದು ನಾವು ಕಾರು ತೆಗೊಳ್ಳುವ ಮೊದಲು ಮಾರಾಯ್ರೆ. ಒಡೆದು ಅಗಲ ಮಾಡಿಸುವಾಗ ಕುರ್ಚಿ ಹಾಕಿ ಕೂತು ನೋಡಿದ್ದು ಯಾರು?" ಎಂದಳು ಮ್ಯಾಗ್ಡಲಿನ್.

ಊಟದ ಮೇಜಿನಿಂದ ಗೇಟಿಗೆ ಮೂವತ್ತು ಹೆಜ್ಜೆ. ಲಾಗ್ ಟೇಬಲ್ಲೂ ಎದ್ದು ಹೋಗಿ ನೋಡಲಿಲ್ಲ, ಕ್ಯಾಲ್ಕುಲೇಟರೂ ನೋಡಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎನಿಸಿತು ಮಾಸ್ಟ್ರಿಗೆ. ರಸ್ತೆಯಲ್ಲಿ ನೆಂಟರ ಕಾರುಗಳ ಸದ್ದು ಬೇರೆ. ಕಡಿಮೆ ಬಿದ್ದದ್ದು ಎಷ್ಟೆಂದು ನೋಡಲು ಜೇಬಿನಲ್ಲಿದ್ದ ಲಾಗ್ ಟೇಬಲ್ ಬಿಡಿಸಿದರು. ಮ್ಯಾಗ್ಡಲಿನ್ ಅದನ್ನು ಕಿತ್ತುಕೊಂಡು ಮಡಚಿ, ಅಲುಗಾಡುತ್ತಿದ್ದ ಸ್ಟೂಲಿನ ಕಾಲಿನಡಿ ತುರುಕಿದಳು.

"ಹತ್ತಿ. ಒಂದು ಕೈಯಲ್ಲಿ ಹಾರದ ತುದಿ ಹಿಡೀರಿ, ಇನ್ನೊಂದರಲ್ಲಿ ಬಿದಿರು."

ಹತ್ತಿ ನಿಂತರು. ಎರಡೂ ಕೈ ಪೂರ್ತಿ ಚಾಚಬೇಕಾಯಿತು.

"ನೋಡಿ, ಸರಿಯಾಗಿ ಒಂದು ಮಾರು" ಎಂದಳು ಮ್ಯಾಗ್ಡಲಿನ್.

ನೆಂಟರೆಲ್ಲ ಅವರ ಕಂಕುಳಡಿಯೇ ನುಸುಳಿ ಒಳಗೆ ಹೋದರು. ಡೈನಾ ಕೆಳಗೆ ಬಂದು ನಿಂತು, "ಕೈ ನೋಯ್ತದಾ ಪಪ್ಪಾ?" ಎಂದಳು. ಮಾಸ್ಟ್ರಿಗೆ ಕಣ್ಣು ತುಂಬಿತು. ಒರೆಸಿಕೊಳ್ಳೋಣವೆಂದರೆ ಒಂದು ಕೈಯೂ ಖಾಲಿ ಇರಲಿಲ್ಲ.