ನೆಲದ ಸ್ಲಾತನ್ನು ಮರಕ್ಕೆ ಕಟ್ಟಿದ್ದು

ಗೊತ್ತಿಲ್ಲದ ಕೆಲಸಕ್ಕೆ ಮೊದಲು ಕೈಹಾಕಿ ಆಮೇಲೆ ವಿಚಾರಿಸುವುದು ನನ್ನ ಹುಟ್ಟುಗುಣ. ಗಲ್ಫಿನಲ್ಲಿ ನಾನು ದುಡಿಯುವ ಶುವೈಖ್‌ನ ಗ್ಯಾರೇಜಿನಲ್ಲಿ ಇದು ಹೇಗೋ ನಡೆದುಬಿಡುತ್ತದೆ. ಬಿಚ್ಚಿದ ಎಂಜಿನ್ನಿನ ಮುಂದೆ ಗಂಭೀರವಾಗಿ ನಿಂತರೆ ಸಾಕು, ಜನ ನಂಬುತ್ತಾರೆ. ಮನೆಯಲ್ಲಿ ಯಾರೂ ನಂಬುವುದಿಲ್ಲ.

ನಾಲ್ಕನೇ ಕ್ಲಾಸಿನ ಮಗಳು ಸಹನಾ ಅಳಿದುಹೋದ ಪ್ರಾಣಿಯೊಂದರ ಮಾದರಿ ಒಯ್ದು ಶಾಲೆಯಲ್ಲಿ ಮಾತಾಡಬೇಕಿತ್ತು. ಅವಳ ಪಾಲಿಗೆ ಬಂದದ್ದು ಗ್ರೌಂಡ್ ಸ್ಲಾತ್. ಮಾಡಿಕೊಡು ಎಂದು ಶುಕ್ರವಾರ ಕೇಳಿದಾಗ ನಿದ್ದೆಗಣ್ಣಲ್ಲೇ ಹೂಂ ಎಂದೆ. ವಾರದ ಉಳಿದ ದಿನ ಅವಳು ಏಳುವ ಮುಂಚೆ ಗ್ಯಾರೇಜಿನ ವ್ಯಾನು ಹತ್ತಿ, ಮಲಗಿದ ಮೇಲೆ ಅಬು ಹಲೀಫಾ ಬಡಾವಣೆಯ ಮನೆ ಸೇರುವ ಅಪ್ಪ ನಾನು. ಅವಳು ನನ್ನನ್ನು ಏನಾದರೂ ಕೇಳುವುದನ್ನೇ ಬಿಟ್ಟಿದ್ದಳು. ಇದೊಂದನ್ನು ಕೆಡಿಸಬಾರದು ಎನಿಸಿತು.

ಸ್ಲಾತ್ ಎಂದರೆ ಕೊಂಬೆಗೆ ತಲೆಕೆಳಗಾಗಿ ಜೋತುಬೀಳುವ ಸೋಮಾರಿ ಎಂದಷ್ಟೇ ಟೀವಿಯಿಂದ ಗೊತ್ತಿತ್ತು. ಹಳೆಯ ಸೀಟಿನ ಸ್ಪಂಜು ಕತ್ತರಿಸಿ ಮೈ ಮಾಡಿದೆ, ತಾಮ್ರದ ವೈರು ಬಗ್ಗಿಸಿ ಉಗುರು ಮಾಡಿದೆ, ಸೈಲೆನ್ಸರ್ ಪೈಪನ್ನೇ ಮರವೆಂದು ನಿಲ್ಲಿಸಿ ಅದಕ್ಕೆ ವೈರಿನಿಂದ ಬಿಗಿಯಾಗಿ ಕಟ್ಟಿದೆ. ಪಠಾಣ ವೆಲ್ಡರ್ ಮೆಚ್ಚಿ, "ಭಾಯಿ, ಬಕ್ರಾ ಬಹುತ್ ಅಚ್ಛಾ ಹೈ" ಎಂದ. ಅವನಿಗೆ ಅದು ಮೇಕೆಯಾಗಿ ಕಂಡಾಗಲೇ ನನಗೆ ಅನುಮಾನ ಬರಬೇಕಿತ್ತು.

ಕೈಯಾರೆ ಕೊಡಬೇಕೆಂದು, ಅವಳು ಮಾತಾಡುವ ದಿನ ಬೆಳಿಗ್ಗೆ ಕೆಲಸಕ್ಕೆ ತಡವಾಗಿ ಹೊರಟೆ. ನೋಡಿದ್ದೇ ಮಗಳ ಮುಖ ಬಾಡಿತು.

"ಅಪ್ಪಾ, ಇಟ್ಸ್ ಎ ಗ್ರೌಂಡ್ ಸ್ಲಾತ್! ಎಲಿಫೆಂಟ್ ಥರ ಬಿಗ್!"

"ಅಲ್ರೀ, ಆನಿಯಂಥಾ ಪ್ರಾಣಿನ್ನ ಯಾವ ಗಿಡ ಹೊರತೈತ್ರಿ?" ಎಂದಳು ಹೆಂಡತಿ. "ಹುಡುಗಿನ್ನ ಒಂದ್ ಮಾತು ಕೇಳಬಾರದೇನ್ರಿ?"

ಕೇಳಲು ಮಗಳೂ ನಾನೂ ಒಟ್ಟಿಗೆ ಎಚ್ಚರವಿರುವ ಹೊತ್ತೆಲ್ಲಿತ್ತು? ವೈರು ಕತ್ತರಿಸಿ ಕೆಳಗಿಳಿಸಿದೆ. ಪ್ರಾಣಿ ನಿಲ್ಲಲಿಲ್ಲ, ಪಕ್ಕಕ್ಕೆ ಒರಗಿತು. ಮಗಳು ಅದನ್ನೇ ಎತ್ತಿಕೊಂಡು ಬಸ್ಸು ಹತ್ತಿದಳು. ಅವಳನ್ನು ಹಾಗೆ ಕಳಿಸಿ ನನಗೆ ಇರಲಾಗಲಿಲ್ಲ. ಗ್ಯಾರೇಜಿನಲ್ಲಿ ಎರಡು ಗಂಟೆ ಪರ್ಮಿಷನ್ ಬೇಡಿ ಶಾಲೆಗೆ ಓಡಿ, ಅವಳಿಗೆ ಕಾಣದಂತೆ ಹಿಂದಿನ ಬೆಂಚಿನಲ್ಲಿ, ಬಂದಿದ್ದ ಪೋಷಕರ ನಡುವೆ ಕುಳಿತೆ.

ಒರಗಿದ ಸ್ಲಾತ್ ಕಂಡು ಮಕ್ಕಳು ನಕ್ಕರು. ಯಾರೂ ನೋಡದ ಪ್ರಾಣಿ ಇತ್ತು ಎಂದು ಹೇಗೆ ಗೊತ್ತು ಎಂದು ಒಬ್ಬಳು ಕೇಳಿದಳು. ಸಹನಾ ಇಂಗ್ಲಿಷಿನಲ್ಲಿ ಹೇಳಿದ್ದಿಷ್ಟು: ಮೂಳೆ ಸಿಕ್ಕಿವೆ, ಹೆಜ್ಜೆ ಗುರುತು ಸಿಕ್ಕಿವೆ. ನಮ್ಮಪ್ಪ ಮನೆಗೆ ಬರುವುದನ್ನೂ ನಾನು ನೋಡುವುದಿಲ್ಲ. ಬೆಳಿಗ್ಗೆ ಸೋಪಿನ ಮೇಲೆ ಗ್ರೀಸಿನ ಬೆರಳಚ್ಚು ಮೂಡಿರುತ್ತದೆ. ಬಂದಿದ್ದರು ಎಂದು ಗೊತ್ತಾಗುತ್ತದೆ.

ನಗು ನಿಂತಿತು. ಟೀಚರ್ ಮೆಲ್ಲಗೆ, "ಸಹನಾಳ ತಂದೆ ಇಲ್ಲಿದ್ದಾರಾ?" ಎಂದು ಕೇಳಿದರು. ಕೈ ಎತ್ತಿದೆ. ಅಳಿದುಹೋದ ಪ್ರಾಣಿ ಜೀವಂತ ಸಿಕ್ಕಂತೆ ಇಡೀ ಕ್ಲಾಸು ತಿರುಗಿ ನೋಡಿತು. ಎಲ್ಲರಿಗಿಂತ ಹೆಚ್ಚು ಆಶ್ಚರ್ಯಪಟ್ಟವಳು ನನ್ನ ಮಗಳು.