ಮಾಮನ ಜರ್ಮನ್

ಮಹಾಂತೇಶನ ಮದುವೆಗೆ ಅಡ್ಡ ಬಂದದ್ದು ಜಾತಕವಲ್ಲ, ಇಂಗ್ಲಿಷು. ಹೋದ ತಿಂಗಳು ನ್ಯಾಮತಿಯಲ್ಲಿ ಹೆಣ್ಣು ನೋಡುವಾಗ ಅವನ ತಾಯಿ ಅನ್ನಪೂರ್ಣಮ್ಮ, ಯಾರಿಗೂ ತಿಳಿಯದಿರಲೆಂದು, "ಗರ್ಲ್ ಶಾರ್ಟ್?" ಎಂದು ಮಗನನ್ನು ಕೇಳಿದ್ದರು. ಒಳಗಿನಿಂದ ಹುಡುಗಿಯ ಪುಟ್ಟ ತಂಗಿ, "ಫೈವ್ ಫೀಟ್ ಟೂ, ಆಂಟಿ!" ಎಂದು ಕೂಗಿದಳು. ಅಲ್ಲಿಗೆ ಹನ್ನೊಂದನೆಯ ಸಂಬಂಧವೂ ಮುರಿಯಿತು.

"ಇಂಗ್ಲಿಷ್ ಈಗ ಮನೆಮನೆಗೂ ಐತೆ ಕಣವ್ವಾ. ಬ್ಯಾರೆ ಭಾಷೆ ಬೇಕು," ಎಂದ ಮಹಾಂತೇಶ. ಚನ್ನಗಿರಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಅವನಿಗೆ ಆಗಲೇ ಮೂವತ್ತಮೂರು.

ಬೇರೆ ಭಾಷೆ ಮನೆಯಲ್ಲೇ ಇತ್ತು. ಅಕ್ಕನ ಮಗಳು ಧನುಶ್ರೀಗೆ ಶಾಲೆಯಲ್ಲಿ ಈ ವರ್ಷ ಜರ್ಮನ್ ಶುರುವಾಗಿತ್ತು. ಭಾನುವಾರ ಬೆಳಿಗ್ಗೆ ಅವಳು ಮಾಮನಿಗೂ ಅಜ್ಜಿಗೂ ಎರಡು ಪದ ಕಲಿಸಿದಳು. 'ಯಾ' ಅಂದರೆ ಹೌದು, 'ನೈನ್' ಅಂದರೆ ಇಲ್ಲ.

ಅಂದೇ ನೋಡಲು ಹೊರಟಿದ್ದ ಹನ್ನೆರಡನೆಯ ಸಂಬಂಧ ತಂದಿದ್ದ ಪಕ್ಕದ ಮನೆಯ ಬೆನಕಪ್ಪನವರು ಕಾರು ಸಾಸ್ವೆಹಳ್ಳಿ ಮುಟ್ಟುವವರೆಗೂ ಬಾಯಿ ಮುಚ್ಚಲಿಲ್ಲ. "ಹುಡುಗಿ ಅಪ್ಪಟ ಚಿನ್ನ. ಟೀಚರ್ ಕೆಲಸ ಬ್ಯಾರೆ ಐತೆ. ನೀನು ಸುಮ್ನೆ ಕುಂತ್ಕಂಡ್ರೆ ಸಾಕು."

ಹುಡುಗಿ ಸಂಧ್ಯಾರಾಣಿ ಉಪ್ಪಿಟ್ಟಿನ ತಟ್ಟೆ ತಂದಿಟ್ಟಳು. ಮಹಾಂತೇಶನಿಗೆ ಇವಳೇ ಆಗಬೇಕು ಎನಿಸಿಬಿಟ್ಟಿತು.

"ಯಾ?" ಎಂದರು ಅನ್ನಪೂರ್ಣಮ್ಮ.

"ಯಾ, ಯಾ, ಯಾ!"

ಹುಡುಗಿಯ ಮುಖದಲ್ಲಿ ಸಣ್ಣ ನಗು ಸುಳಿಯಿತು. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಹೊಸದಾಗಿ ಕಲಿತ ಭಾಷೆ ಸುಮ್ಮನಿರಲು ಬಿಡುತ್ತದೆಯೇ? ಅನ್ನಪೂರ್ಣಮ್ಮ ಉಪ್ಪಿಟ್ಟಿನತ್ತ ಹುಬ್ಬು ಹಾರಿಸಿ ಮತ್ತೆ, "ಯಾ?" ಎಂದರು.

ಅದರಲ್ಲಿ ಉಪ್ಪೇ ಇರಲಿಲ್ಲ. "ನೈನ್," ಎಂದ ಮಹಾಂತೇಶ ಧೈರ್ಯವಾಗಿ, "ನೈನ್, ನೈನ್."

"ಅದೇನೋ ಮಂತ್ರ?" ಎಂದರು ಬೆನಕಪ್ಪ.

"ಮಂತ್ರ ಅಲ್ಲ, ಜರ್ಮನ್," ಎಂದಳು ಸಂಧ್ಯಾರಾಣಿ. "ಉಪ್ಪಿಟ್ಟು ಚೆನ್ನಾಗಿಲ್ಲ ಅಂತಿದಾರೆ. ಮಾಡಿದ್ದು ನಾನೇ."

ಹುಡುಗಿ ಟೀಚರ್ ಎಂದು ಎಲ್ಲರಿಗೂ ಗೊತ್ತಿತ್ತು. ಏನು ಕಲಿಸುತ್ತಾಳೆಂದು ಯಾರೂ ಕೇಳಿರಲಿಲ್ಲ.

"ನಂದೇನೂ ತಪ್ಪಿಲ್ರೀ, ನಮ್ ಧನುಶ್ರೀ ಹೇಳ್ಕೊಟ್ಟಿದ್ದು..." ಮಹಾಂತೇಶ ಬೆವತುಹೋದ.

"ನಾಲ್ಕನೇ ಕ್ಲಾಸ್ ಧನುಶ್ರೀನಾ? ಜಾಣೆ ಅವಳು."

ಅವಳ ತಂದೆ ಗೊಂದಲದಿಂದ, "ಏನವ್ವಾ, ನಿಂಗೆ ಒಪ್ಗೇನಾ?" ಎಂದು ಕೇಳಿದರು. ಅವಳು ಮಹಾಂತೇಶನನ್ನೇ ನೇರ ನೋಡಿದಳು.

"ನೈನ್."

ಅರ್ಥ ಯಾರೂ ಹೇಳಬೇಕಾಗಲಿಲ್ಲ.

ಸೋಮವಾರ ಸಂಜೆ ಧನುಶ್ರೀ ಡೈರಿ ಹಿಡಿದು ಓಡಿಬಂದಳು. "ಮಾಮ, ಮಿಸ್ಸು ನಿಂಗೆ ಹೋಂವರ್ಕ್ ಕೊಟ್ಟಾರೆ! 'ಉಪ್ಪಿಟ್ಟು ಚೆನ್ನಾಗಿತ್ತು' ಅಂತ ಜರ್ಮನ್ನಾಗೆ ನೂರು ಸಲ ಬರೀಬೇಕಂತೆ."

ಮಹಾಂತೇಶನಿಗೆ ಹೋದ ಜೀವ ಬಂದಂತಾಯಿತು. "ಬರುದ್ರೆ?"

"ಬರುದ್ರೆ ನಂಗೆ ಐದು ಮಾರ್ಕ್ಸು."

"ನಂಗೆ?"

ಧನುಶ್ರೀ ಡೈರಿಯ ಹಾಳೆ ತಿರುವಿ ಹಿಂದೆ ಮುಂದೆ ನೋಡಿದಳು. "ನಿಂಗೇನೂ ಬರ್ದಿಲ್ಲ ಮಾಮ."

ಮಹಾಂತೇಶ ನಿಟ್ಟುಸಿರು ಬಿಟ್ಟು ಪೆನ್ನು ತೆಗೆದುಕೊಂಡ.