ಕೂದಲಿನ ಮಾತ್ರೆ

ಡಬ್ಬಿ ಗಿಲಕಿಯ ಹಾಗೆ ಸದ್ದು ಮಾಡದೆ ಇದ್ದಿದ್ದರೆ ಅವತ್ತಿನ ರಾದ್ಧಾಂತ ಯಾವುದೂ ಆಗುತ್ತಿರಲಿಲ್ಲ. ಯಾರೋ ಇಸ್ತ್ರಿಗೆ ಕೊಟ್ಟು ಮರೆತುಹೋದ ಕೋಟೊಂದರ ಜೇಬಿನಲ್ಲಿ ಇಸ್ತ್ರಿಯವಳು ಅದನ್ನು ಬಚ್ಚಿಟ್ಟಿದ್ದಳು. ಬೆಳಿಗ್ಗೆ ಕೋಟನ್ನು ಒಂದು ಗೂಟದಿಂದ ಇನ್ನೊಂದಕ್ಕೆ ನೇತುಹಾಕುವಾಗ ಡಬ್ಬಿ ಗಲಗಲ ಅಂದಿತು. ಅದೇ ಹೊತ್ತಿಗೆ ಬಾಗಿಲಲ್ಲಿ ರೇಡಿಯೋ ಅಕ್ಕ ನಿಂತಿರಬೇಕೆ!

ರೇಡಿಯೋ ಅಕ್ಕ ಎದುರು ಮನೆಯವಳು. ವಠಾರದಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಸುದ್ದಿ ಹೊರಡುವುದು ಅವಳ ಬಾಯಿಂದಲೇ. “ಏನದು ಸದ್ದು?” ಎನ್ನುತ್ತಲೇ ಅವಳ ಕೈ ಕೋಟಿನ ಜೇಬಿಗೆ ಹೋಗಿ ಡಬ್ಬಿಯ ಸಮೇತ ಹೊರಗೆ ಬಂತು.

“ನೀಲಿ ನೀಲಿ ಮಾತ್ರೆ! ಯಾವ ಕಾಯಿಲೆನೇ ನಿಂಗೆ?”

ಇಸ್ತ್ರಿಯವಳು ಕೈಯಲ್ಲಿದ್ದ ಕೋಟನ್ನು ಗೂಟಕ್ಕೆ ಸಿಕ್ಕಿಸಿದಳು. ನಿಜ ಹೇಳುವ ಹಾಗಿರಲಿಲ್ಲ.

ಅವಳ ಗಂಡ ಲಾರಿ ಓಡಿಸುವವನು. ತಿಂಗಳ ಹೆಚ್ಚುಪಾಲು ರಸ್ತೆಯ ಮೇಲೆಯೇ. ಅಲ್ಲಿ ಎಲ್ಲಿ ಲಾರಿ ನಿಲ್ಲಿಸುತ್ತಾನೆ, ಯಾರ ಮನೆಯ ಮುಂದೆ ನಿಲ್ಲಿಸುತ್ತಾನೆ ಎಂದು ಒಂದೇ ಒಂದು ಸಲ ಕೇಳಿದ್ದಕ್ಕೆ ಊಟದ ತಟ್ಟೆ ಗೋಡೆಗೆ ಅಪ್ಪಳಿಸಿತ್ತು. ನಿರೋಧ್ ಮಾತೆತ್ತಿದಾಗ, “ಕಟ್ಕೊಂಡ ಹೆಂಡ್ತಿ ಹತ್ರ ಯಾವನಾದ್ರೂ ಅದನ್ನ ಹಾಕ್ಕೋತಾನಾ?” ಎಂದು ವಠಾರವೆಲ್ಲ ಕೇಳುವಂತೆ ಕಿರುಚಿದ್ದ. ಅದಕ್ಕೇ ಅವಳು ಬೀದಿಯ ಮೂಲೆಗೆ ಬರುವ ಹೆಂಗಸರ ಆರೋಗ್ಯದ ಗಾಡಿ ಹತ್ತಿದ್ದಳು. ಆ ಗಾಡಿಯ ಹೊರಗೆ ತೂಕ, ಬಿ.ಪಿ. ನೋಡುತ್ತಾರೆ, ಒಳಗೆ ಬಾಗಿಲು ಹಾಕಿದ ಮೇಲೆ ಆಡುವ ಮಾತೇ ಬೇರೆ. ನರ್ಸಮ್ಮ ಬೆರಳು ಚುಚ್ಚಿ ರಕ್ತ ನೋಡಿ, “ಸದ್ಯ, ನಿಂಗೆ ಎಚ್‌ಐವಿ ಇಲ್ಲ. ನಿನ್ನ ಗಂಡ ತಂದ್ರೂ ನಿಂಗೆ ಅಂಟಬಾರದು ಅಂದ್ರೆ ದಿನಾ ಒಂದು ಮಾತ್ರೆ ನುಂಗು. ತಪ್ಪಿಸಬೇಡ” ಎಂದು ಡಬ್ಬಿ ಕೊಟ್ಟಿದ್ದಳು. ಇವತ್ತು ಸಂಜೆ ಗಂಡ ಬರುವವನಿದ್ದ.

“ಕೂದಲಿಗೆ ಅಕ್ಕಾ” ಎಂದಳು ಇಸ್ತ್ರಿಯವಳು. ಬಾಯಿಗೆ ಬಂದಿದ್ದು ಅಷ್ಟೆ.

ರೇಡಿಯೋ ಅಕ್ಕ ಅವಳ ಜಡೆ ನೋಡಿದಳು. ಲಾರಿಯ ಸರಕಿಗೆ ಬಿಗಿಯುವ ಹಗ್ಗದಷ್ಟು ದಪ್ಪ ಜಡೆ. ಹುಟ್ಟಿದಾಗಿನಿಂದ ಹಾಗೇ ಇದ್ದದ್ದು. ಆದರೆ ಆಸೆ ಕಣ್ಣಿಗೆ ಅಡ್ಡ ಬಂದರೆ ಯಾರಿಗೆ ತಾನೆ ಅದು ನೆನಪಿರುತ್ತದೆ?

“ಅದಕ್ಕೇ! ಕಳ್ಳಿ, ಒಬ್ಬಳೇ ನುಂಗ್ತಾ ಕೂತಿದ್ದೀಯ!”

ಇಸ್ತ್ರಿಯವಳು ಡಬ್ಬಿ ಕಿತ್ತುಕೊಂಡು ಜೇಬಿಗೆ ತುರುಕಿದಳು. ದೊಡ್ಡ ಮನೆಯೊಂದಕ್ಕೆ ಬಟ್ಟೆಯ ಗಂಟು ಮುಟ್ಟಿಸಲೇಬೇಕಿತ್ತು, ಹೊರಟಳು. ಅಲ್ಲೇ ತಪ್ಪಿದಳು. ಮನೆಯಲ್ಲಿ ಅತ್ತೆ ಇದ್ದಳು, ಈ ಮಾತೆಲ್ಲ ಅವಳ ಕಿವಿಗೆ ಬಿದ್ದಿತ್ತು.

ವಾಪಸು ಬರುವಷ್ಟರಲ್ಲಿ ಅತ್ತೆ ಹೊಸಿಲ ಮೇಲೆ ಬಿಸಿಲು ಕಾಯಿಸುತ್ತಾ ಕೂತಿದ್ದಳು. ಬೆಳ್ಳಗಿದ್ದ ತಲೆ ನೀಲಿಯಾಗಿತ್ತು. ಶಾಯಿ ಕುಡಿಕೆಯಲ್ಲಿ ಅದ್ದಿ ತೆಗೆದ ಬೆಕ್ಕಿನ ಹಾಗೆ ಕಾಣುತ್ತಿದ್ದಳು.

“ಅತ್ತೆ! ಏನು ಮಾಡ್ಕೊಂಡ್ರಿ?”

“ನುಂಗಿದ್ರೆ ಹೊಟ್ಟೆಗೆ ಹೋಗುತ್ತೆ, ತಲೆಗೆ ಎಲ್ಲಿ ಹೋಗುತ್ತೆ? ಅದಕ್ಕೇ ಅರೆದು ಎಣ್ಣೇಲಿ ಕಲಸಿ ಹಚ್ಕೊಂಡೆ. ಉಳಿದಿದ್ದನ್ನ ರೇಡಿಯೋ ಇಸ್ಕೊಂಡು ಹೋದ್ಲು, ವಠಾರದವರಿಗೆಲ್ಲ ಹಂಚ್ತೀನಿ ಅಂತ.”

ಖಾಲಿ ಡಬ್ಬಿ ಒಲೆಯ ಪಕ್ಕ ಬಿದ್ದಿತ್ತು. ಇಸ್ತ್ರಿಯವಳು ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಬಾಗಿಲು ಬಾಗಿಲು ಬಡಿದು, “ನುಂಗಬೇಡಿ! ದಮ್ಮಯ್ಯ, ವಾಪಸು ಕೊಡಿ!” ಎಂದು ಬೇಡಿದಳು. ಬಹಳ ಜನ ಆಗಲೇ ನುಂಗಿ ಕನ್ನಡಿಯ ಮುಂದೆ ನಿಂತಿದ್ದರು. ಮೇಷ್ಟ್ರ ಹೆಂಡತಿ ಮಾತ್ರ ಸೊಂಟಕ್ಕೆ ಕೈಯಿಟ್ಟು ಬೈದಳು.

“ನಮ್ಮ ತಲೇಲಿ ನಾಲ್ಕು ಕೂದಲು ಬಂದ್ರೆ ನಿನ್ನ ಗಂಟೇನು ಹೋಗುತ್ತೆ? ಬಡವಿಗೆ ಇಷ್ಟು ಜಂಬ ಇರಬಾರದು ಕಣೆ.”

ಅಷ್ಟರಲ್ಲಿ ಬೀದಿಯ ಮೂಲೆಯಲ್ಲಿ ಆರೋಗ್ಯದ ಗಾಡಿಯ ಹಾರ್ನ್ ಕೇಳಿಸಿತು. ಇಸ್ತ್ರಿಯವಳಿಗೆ ಹೋದ ಜೀವ ಬಂದಂತಾಯಿತು. ಸುಮ್ಮನೆ ಹೋಗಿ ಇನ್ನೊಂದು ಡಬ್ಬಿ ಕೇಳಿದರಾಯಿತು ಎಂದುಕೊಂಡು ಅತ್ತ ತಿರುಗಿದಳು. ಅವಳ ಕಣ್ಣು ಎತ್ತ ತಿರುಗಿತೆಂದು ರೇಡಿಯೋ ಅಕ್ಕ ನೋಡಿಬಿಟ್ಟಳು.

“ಓಹೋ, ಅಲ್ಲಿಂದಾನಾ ತರೋದು? ಬನ್ರೇ, ಬನ್ರೇ! ಗಾಡೀಲಿ ಕೂದಲಿನ ಮಾತ್ರೆ ಕೊಡ್ತಾರಂತೆ!”

ಮದುವೆಗೆ ಹೊರಟವರ ಹಾಗೆ ವಠಾರಕ್ಕೆ ವಠಾರವೇ ಹೊರಟಿತು. ಇಸ್ತ್ರಿಯವಳು ಎಲ್ಲರಿಗಿಂತ ಮುಂದೆ ಓಡಿದರೂ ಮೊಣಕೈಗಳ ನಡುವೆ ಸಿಕ್ಕಿ ಸಾಲಿನ ಕೊನೆಗೆ ಬಿದ್ದಳು. ನೀಲಿ ತಲೆಯ ಅತ್ತೆ ಕೂಡ ಅವಳಿಗಿಂತ ಮುಂದಿದ್ದಳು.

“ನರ್ಸಮ್ಮಾ, ಕೂದಲಿನ ಮಾತ್ರೆ ಕೊಡಿ. ಎಲ್ಲರಿಗೂ ಕೊಡಬೇಕು, ಭೇದ ಮಾಡಬಾರದು” ಎಂದು ರೇಡಿಯೋ ಅಕ್ಕ ಗಾಡಿಯ ಬಾಗಿಲು ಬಡಿದಳು.

ನರ್ಸಮ್ಮ ಅತ್ತೆಯ ತಲೆ ನೋಡಿದಳು, ಸಾಲಿನ ಕೊನೆಯಲ್ಲಿ ಕೈಮುಗಿದು ನಿಂತಿದ್ದವಳ ಮುಖ ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು. ತಿಂಗಳುಗಟ್ಟಲೆ ಮೈಕು ಹಿಡಿದು ಕೂಗಿದರೂ ಗಾಡಿ ಹತ್ತದಿದ್ದ ಹೆಂಗಸರು ಇವತ್ತು ಬಾಗಿಲು ಒಡೆಯಲು ನಿಂತಿದ್ದರು.

“ಕೊಡ್ತೀನಿ. ಆದ್ರೆ ಒಬ್ಬೊಬ್ಬರೇ ಒಳಗೆ ಬರಬೇಕು. ಬಾಗಿಲು ಹಾಕಿ ಮಾತಾಡ್ತೀನಿ. ಮೊದಲು ರಕ್ತ ನೋಡ್ತೀನಿ.”

ಮೊದಲು ರೇಡಿಯೋ ಅಕ್ಕ ಹತ್ತಿದಳು. ಒಳಗಿನಿಂದ ಸ್ವಲ್ಪ ಹೊತ್ತು ಅವಳ ಗಂಟಲು ಕೇಳಿಸಿತು. ಆಮೇಲೆ ಕೇಳಿಸಲಿಲ್ಲ. ಬಹಳ ಹೊತ್ತಾದ ಮೇಲೆ ಇಳಿದು ಬಂದಾಗ ಅವಳ ಕಣ್ಣು ಕೆಂಪಾಗಿತ್ತು. ಕೈಯಲ್ಲಿದ್ದ ಡಬ್ಬಿ ಸದ್ದು ಮಾಡುತ್ತಿರಲಿಲ್ಲ. ಒಳಗೆ ಕರ್ಚೀಫು ತುರುಕಿದ್ದಳು.

“ಏನಂದ್ರು ಅಕ್ಕಾ?” ಎಂದಳು ಮೇಷ್ಟ್ರ ಹೆಂಡತಿ.

“ಕೂದಲಿಗೇ” ಎಂದಳು ರೇಡಿಯೋ ಅಕ್ಕ, ಯಾರ ಮುಖವನ್ನೂ ನೋಡದೆ. “ನೀನೂ ಹೋಗು. ಹೋಗಲೇಬೇಕು ನೀನು.” ಆ ಬಾಯಿಯಿಂದ ಇಷ್ಟು ಚಿಕ್ಕ ಸುದ್ದಿ ಹಿಂದೆಂದೂ ಹೊರಬಿದ್ದಿರಲಿಲ್ಲ.

ಮೇಷ್ಟ್ರ ಹೆಂಡತಿ ಹೋದಳು, ಬಂದಳು. “ಕೂದಲಿಗೆ” ಎಂದಳು. ಅವಳ ಹಿಂದಿನವಳೂ ಅದನ್ನೇ ಹೇಳಿದಳು. ಗದ್ದಲ ಮಾಡುತ್ತಾ ಹತ್ತುವುದು, ತುಟಿ ಬಿಗಿದುಕೊಂಡು ಇಳಿಯುವುದು. ಎಂಥೆಂಥ ಗಂಡಂದಿರು, ಎಂಥೆಂಥ ಸಂಸಾರಗಳು! ಪ್ರತಿಯೊಬ್ಬಳಿಗೂ ಉಳಿದವರ ಸಂಗತಿ ಗೊತ್ತಾಗಿತ್ತು. ಯಾರೂ ಬಾಯಿ ಬಿಡಲಿಲ್ಲ. ಬೆಳಿಗ್ಗೆ ಗಾಬರಿಯಲ್ಲಿ ಹುಟ್ಟಿದ ಸುಳ್ಳು ಮಧ್ಯಾಹ್ನದ ಹೊತ್ತಿಗೆ ಇಡೀ ವಠಾರದ ಮಾನ ಮುಚ್ಚುವ ಹೊದಿಕೆಯಾಗಿತ್ತು.

ಅತ್ತೆ ಬರಿಗೈಯಲ್ಲಿ ಇಳಿದಳು. ವಿಧವೆಗೆ ಅದೇಕೆ? ಆದರೆ ಇಳಿದವಳು ಸೊಸೆಯನ್ನು ಒಂದು ಥರಾ ನೋಡಿದಳು, ತಲೆಯ ಮೇಲೆ ಬಟ್ಟೆ ಎಳೆದುಕೊಂಡು ಮನೆಗೆ ಹೋದಳು.

ಕೊನೆಗೆ ಇಸ್ತ್ರಿಯವಳ ಸರದಿ ಬಂತು.

“ನಿನ್ನ ಡಬ್ಬಿ ಎಲ್ಲಿ?” ಎಂದಳು ನರ್ಸಮ್ಮ.

“ಅತ್ತೆ ತಲೆ ಮೇಲಿದೆ, ಮೇಡಂ.”

ನರ್ಸಮ್ಮನಿಗೆ ನಗು ಬಂತು. ಆಮೇಲೆ ಖಾನೆ ಎಳೆದು ನೋಡಿದಳು, ನಗು ನಿಂತಿತು. ಖಾನೆ ಖಾಲಿ.

“ಇವತ್ತು ಇಷ್ಟು ಜನ ಬರ್ತಾರೆ ಅಂತ ಯಾರಿಗೆ ಗೊತ್ತಿತ್ತಮ್ಮ? ಮುಂದಿನ ವಾರ ನಿನಗೇ ಮೊದಲು ಎತ್ತಿಡ್ತೀನಿ. ಅಲ್ಲಿವರೆಗೆ ಈ ನಿರೋಧ್ ಇಟ್ಕೋ.”

“ಇದನ್ನ ನನ್ನ ಗಂಡನ ಕೈಗೆ ಕೊಡೋಕಿಂತ ಅವನ ಲಾರಿ ಕೆಳಗೆ ಮಲಗೋದು ಸಲೀಸು” ಎಂದಳು. ಆದರೂ ಇಸಿದುಕೊಂಡಳು.

ಸಂಜೆ ಲಾರಿ ಬಂತು. ಗಂಡ ಖುಷಿಯಲ್ಲಿದ್ದ. ಕೈಕಾಲು ತೊಳೆದು, ಗೋಡೆಗೊರಗಿ ಕೂತಿದ್ದ ತಾಯಿಯ ತಲೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

“ಅಮ್ಮಾ, ನಿಂಗೂ ಯಾರೋ ಹೇಳಿಕೊಟ್ರಾ?”

ಟೋಪಿ ತೆಗೆದು ತಲೆ ಬಗ್ಗಿಸಿದ. ನಡುನೆತ್ತಿಯಲ್ಲಿ ಕೂದಲಿರಲಿಲ್ಲ. ತಟ್ಟೆಯಗಲದ ಬೋಳು, ಅದರ ತುಂಬ ಅದೇ ನೀಲಿ.

ಇಸ್ತ್ರಿಯವಳ ಕೈಯಲ್ಲಿದ್ದ ನೀರಿನ ಲೋಟ ಅಲ್ಲೇ ನಿಂತಿತು.

“ಎಲ್ಲಿ ಸಿಕ್ತು ನಿಮಗೆ?”

“ದಾರೀಲಿ ಊಟಕ್ಕೆ ನಿಲ್ಲಿಸ್ತೀನಲ್ಲ, ಆ ಹೋಟ್ಲು ನಡೆಸೋಳು ದಿನಾ ಒಂದು ನುಂಗ್ತಾಳೆ. ಏನದು ಅಂದ್ರೆ, ಕೂದಲಿಗೆ ಅಂತಾಳೆ. ಅವಳಿಗೆ ಜಡೆ ಮೊಣಕಾಲವರೆಗಿದೆ, ಇನ್ನೂ ಎಷ್ಟು ಬೇಕಂತೆ? ಅದಕ್ಕೇ ನಿನ್ನೆ ಅವಳ ದಿಂಬಿನ ಕೆಳಗಿಂದ ಡಬ್ಬಿನೇ ಎತ್ಕೊಂಡು...”

ದಿಂಬು ಎನ್ನುವ ಮಾತು ಬಾಯಿಂದ ಬಿದ್ದ ಮೇಲೆ ಅವನಿಗೇ ಕೇಳಿಸಿತು. ನಾಲಿಗೆ ಕಚ್ಚಿಕೊಂಡ.

ಅತ್ತೆ ಮಗನ ನೆತ್ತಿಯನ್ನೇ ನೋಡಿದಳು, ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಇಸ್ತ್ರಿಯವಳಿಗೆ ಕೋಪ ಬರಬೇಕಿತ್ತು. ಬರಲಿಲ್ಲ. ಎಲ್ಲೋ ರಸ್ತೆ ಬದಿಯ ಕೋಣೆಯಲ್ಲಿ, ಹೆಸರು ಗೊತ್ತಿಲ್ಲದ ಒಬ್ಬಳು ಹಾಸಿಗೆ ಕೊಡವಿ ಕೊಡವಿ ಹುಡುಕುತ್ತಿರುವುದು ಕಣ್ಣಿಗೆ ಕಟ್ಟಿತು. ಅವಳೂ ಇವನಿಗೇ ಹೆದರಿ ನುಂಗುತ್ತಿದ್ದಳು.

“ಡಬ್ಬೀಲಿ ಏನಾದ್ರೂ ಉಳಿದಿದೆಯಾ?” ಎಂದು ಕೇಳಿದಳು.

“ಒಂದೂ ಇಲ್ಲ. ಎಲ್ಲಾ ಅರೆದು ಹಚ್ಚಿಬಿಟ್ಟೆ.” ಮಾತು ತಿರುಗಿತಲ್ಲ ಎಂದು ಅವನಿಗೆ ಧೈರ್ಯ ಬಂತು. ನೆತ್ತಿ ಸವರಿಕೊಳ್ಳುತ್ತಾ ಕೇಳಿದ, “ಹೇಳು, ಬರುತ್ತೆ ತಾನೆ?”

“ಬರೋದೆಲ್ಲ ಬರುತ್ತೆ ರೀ,” ಎಂದಳು ಇಸ್ತ್ರಿಯವಳು, “ಕೂದಲೊಂದು ಬಿಟ್ಟು.”